ಬಾಗಿಲ ಹೊರಗಿನ ಹೆಂಗಸರು

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ಏನಾದರೂ ಸುದ್ದಿ ಹೇಳಲು ಬಾಯಿ ತೆರೆದರೆ ಸಾಕು, “ನೀವು ಕಂಡಿದ್ದೋ, ಕೇಳಿದ್ದೋ?” ಎಂದು ಕೇಳಿಬಿಡುತ್ತೇನೆ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಫೋನಿನಲ್ಲಿ, ಎಲ್ಲೆಂದರಲ್ಲಿ. ಇದರಿಂದ ನನಗೆ ಸುದ್ದಿ ಹೇಳುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು, ಈಗ ಸಿಡ್ನಿಯ ನಮ್ಮ ಟೂಂಗಾಬಿ ಬಡಾವಣೆಯಲ್ಲಿ ಯಾರ ಮನೆ ಗೃಹಪ್ರವೇಶವಾದರೂ ನನಗೆ ತಿಳಿಯುವುದು ಅವರು ಪ್ರಸಾದದ ಡಬ್ಬಿ ತಂದುಕೊಟ್ಟ ಮೇಲೆಯೇ.

ಇದು ನಮ್ಮಪ್ಪನಿಂದ ಬಂದ ಆಸ್ತಿ. ಅಪ್ಪ ದಾವಣಗೆರೆಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದರು. ಸಾಕ್ಷಿಗಳ ಸುಳ್ಳುಗಳನ್ನು ಕೇಳೀ ಕೇಳೀ ಮನುಷ್ಯರ ಮಾತಿನ ಮೇಲೆ ಅವರಿಗೆ ನಂಬಿಕೆಯೇ ಹೊರಟುಹೋಗಿತ್ತು. ಅಮ್ಮ ಊಟಕ್ಕೆ ಬಡಿಸುತ್ತ, “ಹಾಲಿನ ಸಿದ್ದಪ್ಪ ನೀರು ಬೆರೆಸ್ತಾನೆ ಕಣ್ರೀ” ಎಂದರೆ ಅಪ್ಪ ತುತ್ತನ್ನು ತಟ್ಟೆಗೇ ಇಳಿಸಿ, “ಬೆರೆಸಿದ್ದು ಕಂಡೆಯೋ, ಯಾರಾದ್ರೂ ಹೇಳಿದ್ದು ಕೇಳಿದೆಯೋ?” ಎನ್ನುತ್ತಿದ್ದರು. ಅಮ್ಮ ಆಮೇಲೆ ಹಾಲಿನ ಮಾತೇ ಎತ್ತಲಿಲ್ಲ. ನಾವು ಮಕ್ಕಳು ನೀರು ಹಾಲು ಕುಡಿದೇ ಬೆಳೆದೆವು.

ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಹುಡುಗನಿಗೆ ಯಾವ ಚಟವೂ ಇಲ್ಲ ಎಂದರು. ಅಪ್ಪ ರಜೆ ಹಾಕಿ ಬೆಂಗಳೂರಿಗೆ ಹೋಗಿ, ಹುಡುಗನ ಬಾಡಿಗೆ ರೂಮಿನ ಎದುರಿನ ಬೇಕರಿಯಲ್ಲಿ ಎರಡು ದಿನ ಕುಳಿತು ಬಂದರು. “ಎರಡು ದಿನದಲ್ಲಿ ಹುಡುಗ ಹನ್ನೊಂದು ಬನ್ನು ತಿಂದ. ಬೇರೇನೂ ಕಾಣಲಿಲ್ಲ” ಎಂದು ವರದಿ ಒಪ್ಪಿಸಿ ಮದುವೆಗೆ ಹೂಂಗುಟ್ಟಿದರು. ಆ ಬನ್ನಿನ ಹುಡುಗನಿಗೆ ಈಗ ಶುಗರ್. ಅಪ್ಪನ ಸಾಕ್ಷ್ಯದ ಪೂರ್ತಿ ಅರ್ಥ ನನಗಾದದ್ದು ಬಹಳ ತಡವಾಗಿ.

ಇಂಥ ಅಪ್ಪನ ಮಗಳಾದ ನಾನು, ಒಂದು ಸಲ, ಕಾಣದೇ ಇದ್ದದ್ದನ್ನು ಕಂಡೆ ಎಂದು ಕಾಗದದ ಮೇಲೆ ಸಹಿ ಮಾಡಿ, ಪಕ್ಕದ ಮನೆಯ ಹುಡುಗಿಯ ಕೈಯಿಂದ ಅವಳ ಮಗು ತಪ್ಪಿಹೋಗುವ ಹಾಗೆ ಮಾಡುವುದರಲ್ಲಿದ್ದೆ. ಹೇಳಲು ಹೊರಟಿದ್ದು ಅದನ್ನೇ. ನೇರವಾಗಿ ಹೇಳಲು ನಾಚಿಕೆಯಾಗುತ್ತದೆ, ಸುತ್ತಿ ಬಳಸಿ ಬರುತ್ತೇನೆ. ಸ್ವಲ್ಪ ಸಹಿಸಿಕೊಳ್ಳಿ.

ಸಿಡ್ನಿಗೆ ಬಂದ ಹೊಸದರಲ್ಲಿ, ಅಂದರೆ ಎರಡು ಸಾವಿರದ ಎರಡೋ ಮೂರೋ ಇರಬೇಕು, ನನಗೆ ಇಡೀ ದೇಶದ ಮೇಲೇ ಗುಮಾನಿಯಿತ್ತು. ಅಂಗಡಿಯ ಕೌಂಟರಿನ ಹುಡುಗಿ ‘ಹೇಗಿದ್ದೀರಿ’ ಎಂದು ಯಾಕೆ ಕೇಳುತ್ತಾಳೆ? ರೆಂಟಿನ ಮನೆ ತೋರಿಸುವ ಏಜೆಂಟ್ ಇಷ್ಟೊಂದು ಯಾಕೆ ನಗುತ್ತಾನೆ? ಲೈಬ್ರರಿಯಲ್ಲಿ ಮಂಗಳವಾರ ಬೆಳಿಗ್ಗೆ ಪುಕ್ಕಟೆ ಕ್ಲಾಸು, ಮೇಲೆ ಟೀ ಬಿಸ್ಕತ್ತು ಎಂದು ಬೋರ್ಡು ಹಾಕಿದ್ದು ಕಂಡಾಗಲೂ ಇದರ ಹಿಂದೆ ಏನೋ ಇದೆ ಅನ್ನಿಸಿತು. ಏನಿದೆ ಎಂದು ಪತ್ತೆ ಮಾಡಲೆಂದೇ ಹೋದೆ, ಮೂರು ವರ್ಷ ಹೋಗುತ್ತಲೇ ಇದ್ದೆ.

ಕ್ಲಾಸಿನ ಹೆಸರು ‘ಹಳೆಯ ನಾಟಕಗಳು’. ಪಾಠ ಹೇಳುತ್ತಿದ್ದವರು ಮಾರ್ಗರೆಟ್ ಎಂಬ ನಿವೃತ್ತ ಮೇಡಂ. ಎಪ್ಪತ್ತರ ಮೇಲಾಗಿತ್ತು, ಕಂಠ ಮಾತ್ರ ರೈಲ್ವೆ ಸ್ಟೇಷನ್ನಿನ ಮೈಕಿನದು. ಗ್ರೀಕರ ದುರಂತ ನಾಟಕಗಳೆಂದರೆ ಅವರಿಗೆ ಪ್ರಾಣ. ಆ ನಾಟಕಗಳ ಹೆಂಗಸರ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದನ್ನೂ ನೆಟ್ಟಗೆ ಉಚ್ಚರಿಸಲಾರದೆ ತುಂಬಿದ ಕ್ಲಾಸಿನಲ್ಲಿ ನಗೆಪಾಟಲಾದವಳು ನಾನು. ಹೆಸರು ಬಿಟ್ಟರೆ ಅವರೆಲ್ಲ ನನಗೆ ಚೆನ್ನಾಗಿ ಪರಿಚಯವಾದರು. ಯುದ್ಧದ ಹಡಗು ಹೊರಡಲು ಗಾಳಿ ಬೀಸಲೆಂದು ಗಂಡ ಮಗಳನ್ನೇ ಬಲಿ ಕೊಟ್ಟ. ಯುದ್ಧ ಗೆದ್ದು ಮನೆಗೆ ಬಂದವನನ್ನು ಸ್ನಾನದ ತೊಟ್ಟಿಯಲ್ಲೇ ಮುಗಿಸಿದಳು ಒಬ್ಬಳು. ಮಲಮಗನ ಮೇಲೆ ಮನಸ್ಸಿಟ್ಟು, ಅವನ ಮೇಲೇ ಸುಳ್ಳು ದೂರು ಬರೆದಿಟ್ಟು ನೇಣು ಹಾಕಿಕೊಂಡಳು ಇನ್ನೊಬ್ಬಳು. ಮುಂದಾಗುವುದನ್ನು ಇದ್ದದ್ದು ಇದ್ದ ಹಾಗೆ ಹೇಳುವವಳೂ ಒಬ್ಬಳಿದ್ದಾಳೆ, ಆದರೆ ಅವಳ ಮಾತನ್ನು ಯಾರೂ ನಂಬದಿರಲಿ ಎಂದು ದೇವರೇ ಶಪಿಸಿದ್ದಾನೆ.

ನನಗೆ ಮೊದಲ ತಿಂಗಳಲ್ಲೇ ಮೂಗಿಗೆ ವಾಸನೆ ಬಡಿಯಿತು. ಬರೆದವರು ಗಂಡಸರು. ಮುಖವಾಡ ಕಟ್ಟಿಕೊಂಡು ಹೆಂಗಸಾಗಿ ನಿಂತವರು ಗಂಡಸರು. ಕುಳಿತು ಬಹುಮಾನ ಕೊಟ್ಟವರೂ ಗಂಡಸರು. ಹೆಂಗಸರನ್ನು ನೋಡಲಿಕ್ಕಾದರೂ ಬಿಡುತ್ತಿದ್ದರೋ ಇಲ್ಲವೋ, ಅದೂ ಖಚಿತವಿಲ್ಲವಂತೆ. ಅದಕ್ಕಿಂತ ನನ್ನನ್ನು ಕೆಣಕಿದ್ದು ಇನ್ನೊಂದು. ಆ ನಾಟಕಗಳಲ್ಲಿ ಕೊಲೆ ರಂಗದ ಮೇಲೆ ನಡೆಯುವುದೇ ಅಪರೂಪ. ಎಲ್ಲ ಬಾಗಿಲ ಒಳಗೆ, ಇಲ್ಲವೇ ದೂರದಲ್ಲಿ. ಆಮೇಲೆ ಒಬ್ಬ ದೂತ ಏದುಸಿರು ಬಿಡುತ್ತ ಓಡಿಬಂದು, ಒಳಗೆ ಹೀಗ್ಹೀಗಾಯಿತು, ಅವಳು ಹೀಗ್ಹೀಗೆ ಮಾಡಿದಳು ಎಂದು ಗಳಿಗೆಗಟ್ಟಲೆ ವರ್ಣಿಸುತ್ತಾನೆ. ಎಲ್ಲರೂ ನಂಬುತ್ತಾರೆ. ನಾನು ಕೈ ಎತ್ತಿದೆ.

“ಈ ಮನುಷ್ಯನನ್ನು ಯಾರೂ ಪಾಟೀಸವಾಲು ಮಾಡುವುದಿಲ್ಲವಾ?” ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ.

ಮಾರ್ಗರೆಟ್ ಕನ್ನಡಕ ತೆಗೆದರು. “ದೂತ ಸುಳ್ಳು ಹೇಳುವುದಿಲ್ಲ, ಉಮಾ. ಅದು ನಾಟಕದ ನಿಯಮ.”

ಹಾಗೋ! ಗಂಡಸು ಓಡಿಬಂದು ಹೇಳಿದರೆ ವರದಿ, ಹೆಂಗಸು ಬರೆದಿಟ್ಟರೆ ಸುಳ್ಳು, ಹೆಂಗಸು ನಿಜ ಹೇಳಿದರೆ ಹುಚ್ಚು. ಈ ನಿಯಮ ಮಾಡಿದ್ದು ಯಾರು ಎಂದು ಕೇಳುವ ಹೊತ್ತಿಗೆ ಟೀ ಬಂತು.

ಎಲ್ಲರಿಗಿಂತ ನನ್ನ ತಲೆ ತಿಂದವಳು ಆ ಪರದೇಶದ ಹೆಂಗಸು. ಗಂಡನಿಗೋಸ್ಕರ ತವರು ಬಿಟ್ಟು, ಕಡಲು ದಾಟಿ ಬಂದವಳು. ಎರಡು ಗಂಡುಮಕ್ಕಳಾದ ಮೇಲೆ ಗಂಡ ಅಲ್ಲಿನ ರಾಜನ ಮಗಳನ್ನು ಕಟ್ಟಿಕೊಳ್ಳುತ್ತಾನೆ. ಇವಳಿಗೆ ಊರು ಬಿಡು ಎಂದು ಅಪ್ಪಣೆಯಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಂಡನ ವೀಸಾದ ಮೇಲೆ ಬಂದವಳು, ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಹಕ್ಕು, ಇಲ್ಲ. ಕೊನೆಗೆ ಅವಳು ತನ್ನ ಮಕ್ಕಳನ್ನು ತಾನೇ ಕೊಂದಳಂತೆ. ಊರಿನವರೇ ಕೊಂದು ತಾಯಿಯ ತಲೆಗೆ ಕಟ್ಟಿದರು ಎಂಬ ಮಾತೂ ಆ ಕಾಲದಿಂದ ಉಂಟಂತೆ, ಮಾರ್ಗರೆಟ್ ಅದನ್ನು ನಡುವೆ ಒಂದೇ ವಾಕ್ಯದಲ್ಲಿ ತೇಲಿಸಿಬಿಟ್ಟರು. ನಾನು ಬಿಡುತ್ತೇನೆಯೇ? ಹಿಡಿದುಕೊಂಡೆ.

“ಕೊನೆಯಲ್ಲಿ ಅವಳೇ ಒಪ್ಪಿಕೊಳ್ಳುತ್ತಾಳಲ್ಲ” ಎಂದರು ಮಾರ್ಗರೆಟ್.

“ಆ ಒಪ್ಪಿಗೆ ಬರೆದವನೂ ನಿಮ್ಮ ಕವಿಯೇ. ನಮ್ಮ ದೇಶದಲ್ಲಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಕೋರ್ಟು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ” ಎಂದೆ. ಕ್ಲಾಸು ನಕ್ಕಿತು. ಅವತ್ತು ಮನೆಗೆ ನಡೆದು ಬರುವಾಗ ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂದಿತ್ತು.

ಅದೇ ವಾರ ಸತೀಶ ನಮ್ಮ ಮನೆಗೆ ಬಂದ.

ಸತೀಶ, ವೀಣಾ ನಮ್ಮ ಪಕ್ಕದ ಟೌನ್‌ಹೌಸಿನವರು, ಬಂದು ವರ್ಷವಾಗಿರಲಿಲ್ಲ. ನಡುವೆ ಒಂದೇ ಗೋಡೆ. ಅವನು ಐಟಿ, ಅವಳು ಅವನ ವೀಸಾದ ಮೇಲೆ ಬಂದವಳು. ಇಪ್ಪತ್ತಾರು ವರ್ಷವಿದ್ದೀತು. ಎರಡು ವರ್ಷದ ಹೆಣ್ಣುಮಗು, ಚಿನ್ನು. ಅವನು ಸಿಕ್ಕಾಗಲೆಲ್ಲ ಬಗ್ಗಿ ಮಾತಾಡಿಸುವನು, ಕಾರಿನಿಂದ ನನ್ನ ಅಕ್ಕಿ ಮೂಟೆ ಇಳಿಸಿಕೊಡುವನು. ಅವಳು ಎದುರಾದರೆ ತಲೆ ತಗ್ಗಿಸಿ ಒಳಗೆ ಹೋಗಿಬಿಡುವಳು. ಗೋಡೆಯಾಚೆಯಿಂದ ಆಗಾಗ ಅವಳ ಕಿರುಚಾಟ ಕೇಳುತ್ತಿತ್ತು, ಮಗುವಿನ ಅಳು ಕೇಳುತ್ತಿತ್ತು. ವೀಣಾಗೆ ತಲೆ ನೆಟ್ಟಗಿಲ್ಲವಂತೆ ಎಂದು ನಮ್ಮ ಕನ್ನಡದವರಲ್ಲಿ ಆಗಲೇ ಮಾತು ಹಬ್ಬಿತ್ತು. ಯಾರಿಂದ ಹಬ್ಬಿತು ಎಂದು ನಾನು ಕೇಳಲಿಲ್ಲ. ಅದೂ ನಾನು!

“ಆಂಟಿ, ನಿಮ್ಮನ್ನ ಬಿಟ್ರೆ ನಮ್ಗಿಲ್ಲಿ ಯಾರಿದ್ದಾರೆ ಹೇಳಿ” ಎಂದು ಸತೀಶ ಸೋಫಾದ ತುದಿಯಲ್ಲಿ ಕುಳಿತ. ಕಣ್ಣಲ್ಲಿ ನೀರಿತ್ತು. “ಅವಳನ್ನ ಸ್ವಲ್ಪ ದಿನ ಊರಿಗೆ ಕಳಿಸೋಣ ಅಂತ. ಅಲ್ಲಿ ಟ್ರೀಟ್‌ಮೆಂಟ್ ಆಗ್ಲಿ. ಆದ್ರೆ ಚಿನ್ನೂನ ಅವಳ ಜೊತೆ ಬಿಡೋಕೆ ನಂಗೆ ಭಯ ಆಂಟಿ, ಏನಾದ್ರೂ ಮಾಡ್ಬಿಟ್ರೆ? ಲಾಯರ್ ಹೇಳಿದ್ರು, ನೇಬರ್ಸ್ ಒಂದು ಸ್ಟೇಟ್‌ಮೆಂಟ್ ಕೊಟ್ರೆ, ಚಿನ್ನು ನನ್ನ ಹತ್ರಾನೇ ಇರ್ಬೇಕು ಅನ್ನೋ ಕೇಸ್ ಸ್ಟ್ರಾಂಗ್ ಆಗುತ್ತಂತೆ. ನಾನೇ ಟೈಪ್ ಮಾಡಿ ತಂದಿದ್ದೀನಿ.”

ಕಾಗದದಲ್ಲಿ, ವೀಣಾ ಮಗುವಿನೊಂದಿಗೆ ಅಪಾಯಕಾರಿಯಾಗಿ ನಡೆದುಕೊಳ್ಳುವುದನ್ನು ನಾನು ಹಲವು ಬಾರಿ ‘ಕಂಡಿದ್ದೇನೆ’ ಎಂದಿತ್ತು. ನನ್ನ ಕಣ್ಣು ಆ ಪದದ ಮೇಲೆ ಒಂದು ಕ್ಷಣ ನಿಂತಿತು. ಕೇಳಿದ್ದೇನೆ ಎಂದಾಗಬೇಕಿತ್ತಲ್ಲ ಅನ್ನಿಸಿತು. ಆದರೆ ಎದುರಿಗೆ ಅಳುತ್ತಿರುವ ಗಂಡಸಿನ ಇಂಗ್ಲಿಷ್ ತಿದ್ದುವುದು ಮರ್ಯಾದೆಯಲ್ಲ ಎಂದುಕೊಂಡೆ. ಶನಿವಾರ ಅದೇ ಲೈಬ್ರರಿಗೆ ಹೋದೆ. ಅಲ್ಲಿ ಜೆಪಿ, ಅಂದರೆ ಸರ್ಕಾರ ಇದಕ್ಕೆಂದೇ ನೇಮಿಸಿದ ಹಿರಿಯರೊಬ್ಬರು, ಮೇಜು ಹಾಕಿಕೊಂಡು ಇಂಥ ಪ್ರಮಾಣಪತ್ರಗಳಿಗೆ ಸಾಕ್ಷಿ ಹಾಕಿಕೊಡುತ್ತಾರೆ. “ಇದರಲ್ಲಿರುವುದೆಲ್ಲ ನಿಜವೇ?” ಎಂದು ಕೇಳಿದರು. ನಿಜ ಎಂದೆ. ಸಹಿ ಮಾಡಿದೆ.

ಮನೆಯಲ್ಲಿ ನಮ್ಮವರು, “ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ” ಎಂದರು. ಮಗುವಿನ ಜೀವದ ಪ್ರಶ್ನೆ ಎಂದು ನಾನು ಅವರಿಗೇ ಬುದ್ಧಿ ಹೇಳಿದೆ. ನೋಡಿ, ಎರಡೂವರೆ ಸಾವಿರ ವರ್ಷಗಳ ಹಿಂದಿನ ದೂತನನ್ನು ಅನುಮಾನಿಸಿದವಳು ಸೋಫಾದ ಮೇಲೆ ಕುಳಿತ ದೂತನನ್ನು ನಂಬಿಬಿಟ್ಟೆ. ಅಕ್ಕಿ ಮೂಟೆ ಇಳಿಸಿಕೊಟ್ಟಿದ್ದನಲ್ಲ.

ಈ ನಡುವೆ ಮಾರ್ಗರೆಟ್‌ಗೆ ಆ ಪರದೇಶದ ಹೆಂಗಸಿನ ನಾಟಕವನ್ನು ನಮ್ಮಿಂದಲೇ ಆಡಿಸುವ ಹುಮ್ಮಸ್ಸು ಬಂತು. ಮೆಲ್ಬರ್ನ್‌ನಲ್ಲಿ ಅವರ ತಂಗಿಯ ಹವ್ಯಾಸಿ ತಂಡವಿತ್ತು. ಮುಖ್ಯ ಪಾತ್ರಗಳು ಅವರವು, ಮೇಳದ ಹೆಂಗಸರು ಮಾತ್ರ ನಾವು. ಈ ಮೇಳವೆಂದರೆ ಊರಿನ ಹೆಂಗಸರ ಗುಂಪು. ಅವಳು ತನ್ನ ಗೋಳನ್ನೂ ಸಂಚನ್ನೂ ಇವರ ಎದುರಿಗೇ ಹೇಳುತ್ತಾಳೆ. ಇವರು ಬಾಗಿಲ ಹೊರಗೆ ನಿಂತು ಮರುಗುತ್ತಾರೆ. ಒಳಗಿನಿಂದ ಮಕ್ಕಳ ಕೂಗು ಕೇಳಿದಾಗ ಒಳಗೆ ಹೋಗೋಣವೇ ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ಹೋಗುವುದಿಲ್ಲ.

ಸಾಲು ಸರಿಹೋಗಲು ಹನ್ನೆರಡು ಜನ ಬೇಕಿತ್ತು, ಕ್ಲಾಸಿನಲ್ಲಿ ಹನ್ನೊಂದೇ ಇದ್ದೆವು. ಹನ್ನೆರಡನೆಯವರಾಗಿ ಒದಗಿದವರು ಶಾರದಮ್ಮ. ಹತ್ತಿರದ ಕ್ವೇಕರ್ಸ್ ಹಿಲ್ ಬಡಾವಣೆಯ ನನ್ನ ಗೆಳತಿ ಪುಷ್ಪನ ಅತ್ತೆ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಪುಷ್ಪ ಆಫೀಸಿಗೆ ಹೋದರೆ ಒಬ್ಬರೇ ಆಗುತ್ತಾರೆಂದು ಮಂಗಳವಾರ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅವರು ಹಿಂದಿನ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಹತ್ತಿ ಹರಡಿಕೊಂಡು, ಹೂಬತ್ತಿ ಹೊಸೆಯುತ್ತಿದ್ದರು. ಇಂಗ್ಲಿಷ್ ಬಾರದು. ಮಾತಿಲ್ಲದ ಪಾತ್ರ, ಸುಮ್ಮನೆ ಸಾಲಿನ ಕೊನೆಯಲ್ಲಿ ನಿಂತರಾಯಿತು ಎಂದಾಗ ಒಪ್ಪಿಕೊಂಡರು. ನಾನು ಕಥೆ ವಿವರಿಸಿದೆ.

“ಮಕ್ಕಳಿಗೆ ಏನೋ ಮಾಡ್ತಾಳೆ ಅಂತ ನಮಗೆ ಮೊದ್ಲೇ ಗೊತ್ತಿರುತ್ತಾ?” ಎಂದರು.

“ಗೊತ್ತಿರುತ್ತೆ.”

“ಗೊತ್ತಿದ್ದೂ ನಿಂತಿರ್ತೀವಾ?”

“ನಾಟಕದ ನಿಯಮ ಅದು, ಶಾರದಮ್ಮ.”

ಅವರು ಮತ್ತೆ ಬತ್ತಿ ಹೊಸೆಯತೊಡಗಿದರು. ಸಿಡ್ನಿಯ ತಾಲೀಮಿನಲ್ಲಿ ಮಕ್ಕಳ ಕೂಗಿನ ಜಾಗ ಬಂದಾಗ ಮಾರ್ಗರೆಟ್ ಮೇಜು ಕುಟ್ಟುತ್ತಿದ್ದರು. ಹಾಗಾಗಿ ಯಾವ ತೊಂದರೆಯೂ ಆಗಲಿಲ್ಲ.

ಮೆಲ್ಬರ್ನ್‌ಗೆ ಅಗ್ಗದ ವಿಮಾನ ಹಿಡಿದೆವು. ಊರು ಎಲ್ಲೂ ಕಾಣದ ಒಂದು ಬಯಲಿನಲ್ಲಿ ಇಳಿಸಿ ಇದೇ ಮೆಲ್ಬರ್ನ್ ಎಂದರು. ನನಗೆ ಅಲ್ಲೇ ಅನುಮಾನ ಬಂತು, ಅಲ್ಲಿಂದ ಬಸ್ಸಿನಲ್ಲಿ ಇನ್ನೂ ಒಂದು ಗಂಟೆ. ಆಟವಿದ್ದದ್ದು ಟ್ರಾಮ್ ದಾರಿಯ ಪಕ್ಕದ ಒಂದು ಹಳೆಯ ಹಾಲಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಥಂಡಿ ಎಂದರೆ ಅಂಥಿಂಥ ಥಂಡಿಯಲ್ಲ. ನಾವು ಹನ್ನೊಂದು ಜನ ಬಿಳಿ ಬೆಡ್‌ಶೀಟ್ ಸುತ್ತಿಕೊಂಡೆವು. ಶಾರದಮ್ಮ ಮಾತ್ರ ಒಪ್ಪದೆ ತಮ್ಮ ಹಸಿರು ನೂಲಿನ ಸೀರೆಯಲ್ಲೇ, ಮೇಲೊಂದು ಸ್ವೆಟರ್ ಹಾಕಿಕೊಂಡು ಸಾಲಿನ ಕೊನೆಗೆ ನಿಂತರು. ನಾಯಕಿ ಡೆಬ್ಬಿ ಎಂಬ ಬ್ಯಾಂಕಿನ ಹುಡುಗಿ. ಅವಳು ನಮ್ಮ ಕಡೆ ತಿರುಗಿ ಗೋಳಾಡಿದಾಗ, ನಾಟಕ ಎಂದು ಗೊತ್ತಿದ್ದೂ ನಾನು ಬೆಡ್‌ಶೀಟಿನ ತುದಿಯಿಂದ ಕಣ್ಣೊರೆಸಿಕೊಂಡೆ. ಆಮೇಲೆ ಅವಳು ಪ್ಲೈವುಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ಹೋದಳು.

ಒಳಗಿನಿಂದ ಮಕ್ಕಳು ಕೂಗಿದವು. ಮಾರ್ಗರೆಟ್‌ರ ತಂಗಿಯ ಮೊಮ್ಮಕ್ಕಳು, ನಿಜವಾದ ಮಕ್ಕಳು. ಮೇಜಿನ ಸದ್ದಿಗೂ ಮಗುವಿನ ಕೂಗಿಗೂ ಇರುವ ವ್ಯತ್ಯಾಸ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಸಾಲು, ಒಳಗೆ ಹೋಗಬೇಕೇ ನಾವು ಎಂದು ಕೇಳಿಕೊಂಡಿತು. ನಾನಂತೂ ವಾರಗಟ್ಟಲೆ ಕಲಿತ ಮಾತು ವ್ಯರ್ಥವಾಗಬಾರದೆಂದು ಗಟ್ಟಿಯಾಗಿಯೇ ಕೇಳಿದೆ. ಆಗ ಸಾಲಿನ ಕೊನೆಯಲ್ಲಿ ಶಾರದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮೆಲ್ಲರ ಮುಂದೆಯೇ ನಡೆದು ಹೋಗಿ, ಬಾಗಿಲು ನೂಕಿದರು. ಅರಮನೆ ಪೂರ್ತಿ ಅಲುಗಿತು.

“ಬಿಡಮ್ಮ ಅದನ್ನ. ಕೊಡು ಇಲ್ಲಿ” ಎಂಬ ಅಪ್ಪಟ ಮೈಸೂರು ಕನ್ನಡ ಒಳಗಿನಿಂದ ಕೇಳಿಸಿತು.

ಮರುಕ್ಷಣ ಎರಡು ಮಕ್ಕಳ ಕೈ ಹಿಡಿದು ಹೊರಗೆ ಬಂದರು. ಒಬ್ಬನ ಬಾಯಲ್ಲಿ ಬಿಸ್ಕತ್ತು. ಹಿಂದೆ ಡೆಬ್ಬಿ, ಕತ್ತಿಯಿಲ್ಲದ ಬರಿಗೈಯಲ್ಲಿ, ಏನು ಮಾಡಬೇಕೆಂದು ತೋಚದೆ ನಿಂತಳು. ಶಾರದಮ್ಮ ಅವಳ ಭುಜಕ್ಕೂ ಕೈ ಹಾಕಿ ನಮ್ಮ ಸಾಲಿಗೆ ಕರೆತಂದರು. ನೋಡಲು ಬಂದಿದ್ದ ಐವತ್ತು ಅರವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ಮಾರ್ಗರೆಟ್ ರಂಗದ ಪಕ್ಕದಲ್ಲಿ ನಿಂತು ಕೈಯಲ್ಲಿದ್ದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ, ಕೊನೆಗೆ ಪರದೆ ಎಳೆಸಿದರು. ಇಷ್ಟು ಸಾವಿರ ವರ್ಷಗಳಲ್ಲಿ ಹೀಗೆ ಯಾರೂ ಮಾಡಿರಲಿಲ್ಲ ಎಂದು ಆಮೇಲೆ ಗಂಭೀರವಾಗಿ ಹೇಳಿದರು. ಅವರು ಎಲ್ಲ ಆಟಗಳನ್ನೂ ನೋಡಿದ್ದಾರೆಯೇ ಎಂದು ನನಗೆ ಸಂಶಯ ಬಂದರೂ ಅವತ್ತು ಕೇಳಲಿಲ್ಲ.

ವಾಪಸ್ಸು ಟ್ರಾಮಿನಲ್ಲಿ ನಾನು ಶಾರದಮ್ಮನ ಪಕ್ಕ ಕುಳಿತೆ.

“ಅದು ಬರೀ ನಾಟಕ ಅಂತ ಮರ್ತುಹೋಯ್ತಾ ನಿಮಗೆ?”

“ಮರೆಯೋದೇನು. ಆ ಹುಡುಗಿ ಬೆಳಿಗ್ಗೆ ನನಗೆ ಟೀ ಮಾಡ್ಕೊಟ್ಟಿದ್ಲು. ಯಾರನ್ನ ಕೊಲ್ಲೋಳು ಅವಳು.”

“ಮತ್ತೆ?”

“ಅಷ್ಟು ಹೊತ್ತು ನಮ್ಮ ಹತ್ರಾನೇ ಗೋಳು ಹೇಳ್ಕೊಂಡ್ಳಲ್ಲ ಉಮಾ, ನಮ್ಮಲ್ಲಿ ಒಬ್ಬಳಾದ್ರೂ ಬಾ ನಮ್ಮನೆಗೆ ಅಂದ್ವಾ? ಹೊರಗೆ ನಿಂತ್ಕೊಂಡು ಅಯ್ಯೋ ಪಾಪ ಅಂದ್ವಿ. ಕೇಳಿಸ್ಕೊಳ್ಳೋಕೆ ಹನ್ನೆರಡು ಜನ, ಒಳಗೆ ಹೋಗೋಕೆ ಒಬ್ಬರೂ ಇಲ್ಲ. ಹಂಗಾದ್ರೆ ಯಾರಿಗಾದ್ರೂ ತಲೆ ಕೆಡದೆ ಇನ್ನೇನಾಗುತ್ತೆ.”

ಹೇಳಿ, ಸ್ವೆಟರಿನ ಗುಂಡಿ ಹಾಕಿಕೊಂಡು, ಕಿಟಕಿಯ ಕಡೆ ತಿರುಗಿದರು. ವೀಣಾ ಕಿರುಚಿದ್ದು ನನಗೆ ಕೇಳಿತ್ತು, ಸರಿ. ಯಾಕೆ ಕಿರುಚಿದಳು ಎಂದು ಹನ್ನೊಂದು ತಿಂಗಳಲ್ಲಿ ಒಂದು ದಿನವಾದರೂ ಹೋಗಿ ಕೇಳಿದ್ದೆನೇ? ನನ್ನ ಅನುಮಾನದ ಬಗ್ಗೆ ನನಗಿದ್ದ ಜಂಬವೆಲ್ಲ ಆ ಟ್ರಾಮಿನಲ್ಲಿ ಇಳಿಯಿತು. ಅನುಮಾನಿಸುವುದಕ್ಕೆ ಮನೆ ಬಿಟ್ಟು ಕದಲಬೇಕಿಲ್ಲ, ಕುಳಿತಲ್ಲೇ ಆಗುತ್ತದೆ. ಅದೇ ಅದರ ಸುಖ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಕಾಗದ ಆಗಲೇ ಲಾಯರ್ ಕೈ ಸೇರಿತ್ತಲ್ಲ.

ಸಿಡ್ನಿಗೆ ಬಂದ ಮರುದಿನ ಇನ್ನೊಂದು ಕಾಗದ ಬರೆಯಲು ಕುಳಿತೆ. ಮೊದಲು ಬರೆದದ್ದು ತಪ್ಪು, ಅದರಲ್ಲಿ ಹೇಳಿದ್ದು ಯಾವುದನ್ನೂ ನಾನು ನೋಡಿಲ್ಲ ಎಂದು ಬರೆಯುವುದು ಎರಡು ಸಾಲಿನ ಕೆಲಸ. ಆಮೇಲೆ ನಾನು ನಿಜವಾಗಿ ನೋಡಿದ್ದೇನು ಎಂದು ಯೋಚಿಸಿದೆ. ಹಿಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕುಳಿತು ಚಿನ್ನುಗೆ ಮೊಸರನ್ನ ತಿನ್ನಿಸುತ್ತಿದ್ದದ್ದು. ಬೇಲಿಯ ಮೇಲಿನ ಬಿಳಿ ಕಾಕಟೂ ಹಕ್ಕಿಗಳನ್ನು ತೋರಿಸಿ, ಒಂದೊಂದಕ್ಕೂ ಒಂದೊಂದು ಹೆಸರಿಟ್ಟು, ಒಂದೊಂದರ ಹೆಸರಿಗೂ ಒಂದೊಂದು ತುತ್ತು ಇಟ್ಟದ್ದು. ಒಂದು ದಿನ ಅವಳ ಮೊಣಕೈ ಹತ್ತಿರ ನೀಲಿಗಟ್ಟಿದ್ದು, ನಾನು ನೋಡಿದ್ದು ಕಂಡು ಅಂಗಿಯ ತೋಳು ಇಳಿಸಿಕೊಂಡದ್ದು. ಹನ್ನೊಂದು ತಿಂಗಳಲ್ಲಿ ಇಷ್ಟೇ. ಇಷ್ಟನ್ನೇ ಬರೆದೆ. ಶನಿವಾರದ ಮೇಜಿನ ಹಿರಿಯರು ಮತ್ತೆ ಇದರಲ್ಲಿರುವುದೆಲ್ಲ ನಿಜವೇ ಎಂದು ಕೇಳಿದಾಗ, ಸ್ವಲ್ಪ ತಾಳಿ ಎಂದು ಇನ್ನೊಮ್ಮೆ ಓದಿ ನೋಡಿದೆ.

ಮುಂದೇನಾಯಿತು ಎಂದು ನಿಮಗೆ ಅನ್ನಿಸಬಹುದು, ಹೇಳಿಬಿಡುತ್ತೇನೆ. ಮಗು ತಾಯಿಯ ಜೊತೆಗೇ ಉಳಿಯಿತು. ನನ್ನ ಕಾಗದದಿಂದಲೇ ಎಂದು ಹೇಳಿಕೊಳ್ಳುವಷ್ಟು ನಾನು ದಡ್ಡಿಯಲ್ಲ. ಅವಳ ಪರ ನಿಂತ ಲಾಯರಮ್ಮ ಗಟ್ಟಿಗಿತ್ತಿ. ತಾಯಿ ಮಗಳು ಆಮೇಲೆ ಮೆಲ್ಬರ್ನ್‌ಗೆ ಹೋದರು. ಚೆನ್ನಾಗಿದ್ದಾರಂತೆ.

ಆ ಎರಡನೆಯ ಕಾಗದವನ್ನು ವೀಣಾಗೆ ಕೊಡಲು ಹೋದದ್ದು ಸೋಮವಾರ ಬೆಳಿಗ್ಗೆ, ಸತೀಶ ಆಫೀಸಿಗೆ ಹೊರಟ ಮೇಲೆ. ಒಂದೇ ಗೋಡೆಯ ಆಚೆಗಿನ ಬಾಗಿಲನ್ನು ನಾನು ತಟ್ಟಿದ್ದು ಅದೇ ಮೊದಲು. ವೀಣಾ ಅರ್ಧ ತೆರೆದು, ಚಿನ್ನುವನ್ನು ಸೊಂಟದಲ್ಲಿಟ್ಟುಕೊಂಡು, ಹೊಸ್ತಿಲಲ್ಲೇ ನಿಂತಳು.

“ಮೊದಲು ಒಂದು ಬರೆದುಕೊಟ್ಟಿದ್ದೆ. ಅದು ಸುಳ್ಳು” ಎಂದೆ.

“ಗೊತ್ತು ಆಂಟಿ. ಅವರು ಓದಿ ಹೇಳಿದ್ರು.”

ಕಾಗದ ಕೊಟ್ಟೆ. ಅವಳು ಒಂದು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದಳು, ಕೊನೆಗೆ ಬಂದು ಮತ್ತೆ ಮೊದಲಿನಿಂದ ಓದಿದಳು. ಚಿನ್ನು ನನ್ನ ಬಳೆಗಳನ್ನೇ ನೋಡುತ್ತ ನನ್ನ ಕಡೆಗೆ ಬಾಗಿತು. ಓದಲು ಕಷ್ಟವಾಗುತ್ತಿದೆಯಲ್ಲ, ಅಷ್ಟು ಹೊತ್ತು ಎತ್ತಿಕೊಂಡಿರೋಣ ಎಂದು ನಾನು ಎರಡೂ ಕೈ ಚಾಚಿದೆ.

“ಥ್ಯಾಂಕ್ಸ್ ಆಂಟಿ” ಎಂದಳು ವೀಣಾ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು.